ಹೋಗಿ ಬಾ

ನಮ್ಮೂರಲ್ಲಿ ಸವಾರರಿಲ್ಲದೆ ಓಡುವ ಸೈಕಲ್‌ಗಳಿಗೆ ತಿಳಿಯುವುದು ಎರಡೇ ಮಾತು. ‘ನಿಲ್ಲಿ’ ಎಂದರೆ ನಿಲ್ಲುತ್ತವೆ. ‘ಹೋಗಿ’ ಎಂದರೆ ಎದುರಿಗೆ ಯಾರಿದ್ದರೂ ನುಗ್ಗುತ್ತವೆ. ಹೋದ ವರ್ಷ ಯಾರೋ ರಸ್ತೆಬದಿಯಲ್ಲಿ ನೆಂಟರಿಗೆ ‘ಹೋಗಿ ಬನ್ನಿ’ ಎಂದದ್ದಕ್ಕೆ ನನ್ನ ಕಾಲು ಮುರಿಯಿತು. ಅಂದಿನಿಂದ ನಮ್ಮಲ್ಲಿ ಬೀಳ್ಕೊಡುವುದೆಲ್ಲ ಬಾಗಿಲೊಳಗೇ.

ಇವತ್ತು ‘ನಿಲ್ಲಿ’ ಎಂದು ಕೂಗಿ ರಸ್ತೆಗಿಳಿದೆ. ನಲವತ್ತು ಸೈಕಲ್‌ಗಳು ಗಕ್ಕನೆ ನಿಂತವು. ಕುಂಟುತ್ತಾ ನಡುರಸ್ತೆಗೆ ಬರುವಷ್ಟರಲ್ಲಿ ಹಿಂದೆ ಗೇಟು ಕಿರುಗುಟ್ಟಿತು. ನಿನ್ನೆಯಷ್ಟೇ ಹಳ್ಳಿಯಿಂದ ಬಂದ ಸೋದರತ್ತೆ ನೀಲವ್ವ ನನ್ನ ಊಟದ ಡಬ್ಬಿ ಎತ್ತಿ ಹಿಡಿದಿದ್ದಳು. ಅವಳಿಗೆ ಇದನ್ನೆಲ್ಲ ಹೇಳಿರಲಿಲ್ಲ.

“ಡಬ್ಬಿ ಮರ್ತೀಯಲ್ಲವ್ವಾ!”

ಮಾತಾಡಬೇಡ ಎಂದು ಎರಡೂ ಕೈ ಬೀಸಿದೆ. ಅತ್ತೆ ನಕ್ಕು ತಾನೂ ಕೈ ಬೀಸಿದಳು.

“ಬ್ಯಾಡೇನು? ಆಗ್ಲಿ, ಹುಷಾರಾಗಿ ಹೋಗಿ...”

ಆಮೇಲಿನ ‘ಬಾ’ ಬ್ರೇಕು ಬಿಟ್ಟ ಸದ್ದಿನಲ್ಲಿ ಕೇಳಿಸಲೇ ಇಲ್ಲ.