ಒಂಬತ್ತನೇ ಮಹಡಿಯ ಬಾಲ್ಕನಿ

"ಕಿಟಕಿ ಕೊಡ್ತೀನಿ ಅಂತೀರಿ, ಕಿಟಕಿ ಎದುರಿಗೇ ಲೈಫ್‌ಬೋಟ್ ನೇತಾಡ್ತಿದೆ. ದೋಣಿ ತಳ ನೋಡೋಕೆ ನಾವು ಇಷ್ಟು ದೂರ ಬರಬೇಕಿತ್ತಾ?"

ಹಡಗಿನ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ಗಂಡ ಶುರುಹಚ್ಚಿಕೊಂಡಿದ್ದ. ಹಿಂದೆ ಸಾಲಿನಲ್ಲಿ ಎಂಟು ಜನ ಕಾಯುತ್ತಿದ್ದರು. ಒಬ್ಬ ಬೇಕೆಂದೇ ಗಟ್ಟಿಯಾಗಿ ಕೆಮ್ಮಿದ. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಂಡಳು ಟೀಚರ್. ಹಡಗಿನಲ್ಲಿ ಅದಕ್ಕೂ ಗತಿಯಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿ ನಿವೃತ್ತಳಾದವಳು ಆಕೆ. ಗಂಡನೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದ. ಅವನದು ಹಳೇ ಮೇಜು ಕುರ್ಚಿಗಳ ಅಂಗಡಿ. ತರಕಾರಿಯವಳ ಹತ್ತಿರ ಚೌಕಾಸಿ, ಹಲ್ಲು ಕೀಳುವ ಡಾಕ್ಟರ ಹತ್ತಿರವೂ ಚೌಕಾಸಿ. ಮದುವೆಯ ದಿನ ಫೋಟೋದವನ ಜೊತೆ ಜಗ್ಗಾಡಿದ್ದಕ್ಕೆ ಅರ್ಧ ಚಿತ್ರಗಳಲ್ಲಿ ಮದುಮಗನ ಬಾಯಿ ತೆರೆದೇ ಇದೆ. ಈಚೆಗಂತೂ ಜಿಪುಣತನ ಮಿತಿಮೀರಿತ್ತು. ಪ್ಯಾಂಟು ಸಡಿಲವಾದರೆ ಹೊಸ ಬೆಲ್ಟು ಕೊಳ್ಳದೆ ಹಳೆಯದಕ್ಕೇ ಮೊಳೆಯಿಂದ ಎರಡು ತೂತು ಹೊಡೆದುಕೊಂಡಿದ್ದ. ಹೊಟ್ಟೆ ಇಳಿದದ್ದು ಬೆಳಗಿನ ವಾಕಿಂಗಿನಿಂದ ಎಂದು ಜಂಬ ಬೇರೆ.

ಅವರಿಗೆ ಸಿಕ್ಕಿದ್ದು ಮೂರನೇ ಮಹಡಿಯ ಒಳಗಿನ ಕ್ಯಾಬಿನ್, ಎಲ್ಲಕ್ಕಿಂತ ಅಗ್ಗದ್ದು. ಕಿಟಕಿ ಇರಬೇಕಾದ ಜಾಗದಲ್ಲಿ ಸಮುದ್ರದ ಒಂದು ಚಿತ್ರ. ಪಕ್ಕದ ಲಾಂಡ್ರಿಯಿಂದ ಒದ್ದೆ ಟವೆಲ್ಲಿನ ಮುಗ್ಗಲು ವಾಸನೆ. ಆಕೆಗೆ ಅದೂ ಸಾಕಾಗಿತ್ತು. ಆದರೆ ಖಾಲಿ ಉಳಿದ ಮೇಲಿನ ಕೋಣೆಗಳನ್ನು ಹಡಗಿನವರು ರಿಯಾಯಿತಿಗೆ ಬಿಡುತ್ತಾರೆ, ಕೇಳಿದವರಿಗೆ ಉಂಟು ಎಂದು ಇವನಿಗೆ ಯಾರೋ ಕಿವಿ ಊದಿದ್ದರು. ಅಷ್ಟೇ ಸಾಕು. ಬಾಲ್ಕನಿ ಬೇಕೇ ಬೇಕು ಎಂದು ಹಟ ಹಿಡಿದ.

ಮೊದಲ ದಿನ ಹೆಂಡತಿಯನ್ನು ಸಾಮಾನಿನ ಜೊತೆ ಕೂರಿಸಿ ಒಬ್ಬನೇ ಕೌಂಟರಿಗೆ ಹೋಗಿ, ಅರ್ಧ ಗಂಟೆ ಬಿಟ್ಟು ಕೈಯಾಡಿಸುತ್ತ ಬಂದಿದ್ದ. "ಜಪ್ಪಯ್ಯ ಅಂದ್ರೂ ಬಗ್ಗಲ್ಲ ಕಣೇ ಆ ಹೆಂಗಸು. ಇರ್ಲಿ, ನೋಡ್ಕೋತೀನಿ." ಎರಡನೇ ದಿನ ಅವಳನ್ನೂ ಎಳೆದುಕೊಂಡು ಹೋದ. ಅಂದು ಮದುವೆಯ ವಾರ್ಷಿಕೋತ್ಸವ ಎಂದ. ಅದಕ್ಕೆ ಇನ್ನೂ ಐದು ತಿಂಗಳಿತ್ತು. ಸಂಜೆ ಅವಳ ಮಂಡಿ ಸವೆದಿದೆ ಎಂದ. ಛೀ, ನಾಚಿಕೆಯಾದರೂ ಬೇಡವೇ ಈ ಮನುಷ್ಯನಿಗೆ!

ಇಂದು ಮೂರನೇ ದಿನ. ಗಂಡ ತಟ್ಟನೆ ದನಿ ತಗ್ಗಿಸಿದ.

"ನೋಡಿ, ಹೇಳಬಾರದು ಅಂತಿದ್ದೆ. ನನ್ನ ಹೆಂಡ್ತಿಗೆ ಡಾಕ್ಟರು ಆರು ತಿಂಗಳು ಅಂದುಬಿಟ್ಟಿದ್ದಾರೆ. ಕಣ್ತುಂಬ ಸಮುದ್ರ ನೋಡ್ಲಿ ಅಂತ ಕರ್ಕೊಂಡು ಬಂದೆ."

 ಸಾಲಿನ ಎಂಟು ಜೊತೆ ಕಣ್ಣುಗಳು ಟೀಚರ ಮೇಲೆ ಬಿದ್ದವು. ಗುಂಡುಕಲ್ಲಿನಂತಿದ್ದ ಆಕೆ ಮುಖ ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಕೌಂಟರಿನ ಹೆಂಗಸಿನ ಕಣ್ಣು ತುಂಬಿ ಬಂದಿತ್ತು. ಕೀಬೋರ್ಡಿನ ಮೇಲೆ ಏನೋ ಒತ್ತಿ, ಒಂಬತ್ತನೇ ಮಹಡಿಯ ಕೀ ಕಾರ್ಡನ್ನು ಮೆಲ್ಲಗೆ ಸರಿಸಿದಳು.

ಲಿಫ್ಟಿನಲ್ಲಿ ಟೀಚರ್ ಗಂಡನಿಗೆ ಬೆನ್ನು ಹಾಕಿ ನಿಂತಳು.  

ಬಾಲ್ಕನಿಯ ಕುರ್ಚಿಯಲ್ಲಿ ಗಂಡ ಉಸ್ಸೆಂದು ಕುಸಿದ. ಜೇಬಿನಿಂದ ಮಾತ್ರೆ ತೆಗೆದು ನುಂಗಿದ. ವಾಂತಿಯಾಗದಿರಲು ಎಂದು ಹಡಗು ಹತ್ತುವ ಮೊದಲಿನಿಂದಲೂ ನುಂಗುತ್ತಿದ್ದ. "ನೋಡೇ ಟೀಚರ್, ಪೂರ್ತಿ ಸಮುದ್ರ ನಿಂದೇ."

"ಥೂ! ಕಟ್ಕೊಂಡ ಹೆಂಡ್ತಿ ಸಾವನ್ನೇ ಮಾರ್ಕೊಂಡು ಬಂದ್ರಲ್ರೀ! ನಿಮ್ಮ ಮುಖ ನೋಡೋಕೂ ಹೇಸಿಗೆಯಾಗುತ್ತೆ. ಆ ಹೆಂಗಸು ಅಳ್ತಿದ್ಲು, ಕಣ್ಣು ಕಾಣಲಿಲ್ವಾ ನಿಮಗೆ?"

"ಬೈಯಿ, ಚೆನ್ನಾಗಿ ಬೈಯಿ," ಎಂದು ನಕ್ಕ. "ನೀನು ಬೈದ್ರೇನೇ ನಂಗೆ ದಿನ ಸರಿಯಾಗಿ ಹೋಗೋದು."

ಆ ನಗು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನುಂಗಿಕೊಂಡದ್ದು ಸಾಕು. ಈ ಕೋಣೆಯಲ್ಲಿ ಒಂದು ರಾತ್ರಿ ಮಲಗಿದರೂ ಆ ಸುಳ್ಳಿಗೆ ತಾನೂ ಪಾಲುದಾರಳು. ಮೇಜಿನ ಮೇಲಿದ್ದ ಕೀ ಕಾರ್ಡು ಕಿತ್ತುಕೊಂಡು, ಬಾಗಿಲು ದಢಾರನೆ ಹಾಕಿ ಕೆಳಗಿಳಿದಳು.

ಕೌಂಟರಿನ ಮುಂದೆ ಈಗ ಯಾರೂ ಇರಲಿಲ್ಲ. ಕಾರ್ಡನ್ನು ಪಟ್ಟನೆ ಇಟ್ಟಳು.

"ಇದನ್ನ ವಾಪಸ್ ತಗೊಳ್ಳಮ್ಮ. ನನಗೆ ಯಾವ ಕಾಯಿಲೆಯೂ ಇಲ್ಲ. ನಮ್ಮ ಯಜಮಾನರು ನಿಮಗೆ ಹಸೀ ಸುಳ್ಳು ಹೇಳಿದ್ದಾರೆ. ನಮ್ಮ ಹಳೇ ಕೋಣೆಯೇ ಕೊಡಿ. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಕೌಂಟರಿನ ಹೆಂಗಸು ಕಾರ್ಡು ಮುಟ್ಟಲಿಲ್ಲ. ಅತ್ತಿತ್ತ ನೋಡಿದಳು.

"ವಾಪಸ್ ಆಗಲ್ಲ ಅಮ್ಮಾ. ಮೊದಲನೇ ದಿನವೇ ಈ ಕೋಣೆಗೆ ಪೂರ್ತಿ ದುಡ್ಡು ಕಟ್ಟಿಬಿಟ್ಟಿದ್ದಾರೆ."

"ಕಟ್ಟಿದ್ದಾರಾ? ಎಷ್ಟು ಕಡಿಮೆ ಮಾಡಿಸಿದ್ರು?"

"ಒಂದು ಬಿಡಿಗಾಸೂ ಇಲ್ಲ. ಕಡಿಮೆ ಮಾಡಿ ಅಂತ ಕೇಳಲೇ ಇಲ್ಲ. ಚೌಕಾಸಿ ಮಾಡದೆ ತಗೊಂಡ್ರೆ ನಿಮಗೆ ಅನುಮಾನ ಬರುತ್ತಂತೆ. ಎರಡು ದಿನ ಸತಾಯಿಸಿ, ಆಮೇಲೆ ಸೋತ ಹಾಗೆ ಕೊಡಿ ಅಂತ ನನಗೆ ಹೇಳಿಕೊಟ್ಟಿದ್ದೇ ಅವರು."

ಟೀಚರ್ ಕಾರ್ಡನ್ನು ಮತ್ತೆ ಅವಳತ್ತ ತಳ್ಳಿದಳು. "ಯಾತಕ್ಕೆ ಈ ನಾಟಕ? ಸಾಲದ್ದಕ್ಕೆ ಆ ಆರು ತಿಂಗಳ ಸುಳ್ಳು ಬೇರೆ!"

ಕೌಂಟರಿನ ಹೆಂಗಸು ತಲೆ ತಗ್ಗಿಸಿದಳು.

"ಆಸ್ಪತ್ರೆ ಕಾಗದ ಹಡಗಿನ ಡಾಕ್ಟರ ಹತ್ರ ಇದೆ ಅಮ್ಮಾ. ಆರು ತಿಂಗಳು ಅನ್ನೋದು ಸುಳ್ಳಲ್ಲ. ಯಾರಿಗೆ ಅನ್ನೋದನ್ನ ಮಾತ್ರ ಅವರು ಬದಲಾಯಿಸಿ ಹೇಳಿದ್ರು."