ಎಡಗಿವಿಯಿಲ್ಲದ ರಾಜ

"ಎಲ್ಲಾ ಖೋಟಾ," ಎಂದು ನಾಣ್ಯದಂಗಡಿ ಯಜಮಾನ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ಕಿತ್ತು ಮೇಜಿನ ಮೇಲಿಟ್ಟ. "ಇದು ತವರದ್ದು. ಇದು ಯಾವುದೋ ಯಂತ್ರದ ಬಿಲ್ಲೆ. ಇದು... ಅಯ್ಯೋ, ಇದು ಕೋಟಿನ ಗುಂಡಿ ಕಣಪ್ಪ! ಇದಕ್ಕೆ ನಿಮ್ಮಪ್ಪ ಬೀಗ ಬೇರೆ ಹಾಕಿಟ್ಟಿದ್ರಾ?"

ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಸಾಯುವ ಮುಂಚೆ ಮನೆ ಮಗನಿಗೆ, ಮಂಚದ ಕೆಳಗಿನ ನಾಣ್ಯದ ಪೆಟ್ಟಿಗೆ ಮಗಳಿಗೆ ಎಂದು ಬರೆದಿಟ್ಟಿದ್ದ. ಅವತ್ತಿನಿಂದ ಅಣ್ಣನಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ. ಮನೆಗಿಂತ ಪೆಟ್ಟಿಗೆಯೇ ತೂಕದ್ದು, ಮುದುಕ ತನಗೆ ನಾಮ ಹಾಕಿ ಹೋದ ಎಂಬುದು ಅವನ ನಂಬಿಕೆ. ಅದಕ್ಕೇ ಬೀಗ ತೆಗೆಯುವ ಮೊದಲೇ ಪೇಟೆಬೀದಿಯ ಯಜಮಾನನನ್ನು ಮನೆಗೇ ಕರೆಸಿದ್ದ. ಪಟ್ಟಿ ಮಾಡಿಸಿ, ಬೆಲೆ ಕಟ್ಟಿಸಿ, ಅರ್ಧ ತನ್ನದು ಅನ್ನಲು ಬಾಯಿ ತೆರೆದುಕೊಂಡೇ ಕೂತಿದ್ದ. ತಂಗಿಗೆ ಬೇಕಾಗಿದ್ದದ್ದು ಹೊಲಿಗೆ ಯಂತ್ರ ಹಿಡಿಯುವಷ್ಟು ಒಂದು ಬಾಡಿಗೆ ಕೋಣೆ. ಅದೂ ಈ ತಿಂಗಳೊಳಗೆ. ಯಂತ್ರದ ಕಟಕಟಕ್ಕೆ ತಲೆ ಸಿಡಿಯುತ್ತಿದೆ, ಈ ಮನೆಯಲ್ಲಿ ಒಂದೋ ಅದಿರಬೇಕು, ಇಲ್ಲ ತಾನಿರಬೇಕು ಎಂದು ಅತ್ತಿಗೆ ಗಡುವು ಕೊಟ್ಟಿದ್ದಳು. ತಾನು ಹೊರಡುವ ಯೋಚನೆ ಅತ್ತಿಗೆಗೆ ಇದ್ದಂತಿರಲಿಲ್ಲ.

"ಒಟ್ಟು ಎಷ್ಟಾಗಬಹುದು?" ಎಂದ ಅಣ್ಣ.

"ಗುಜರಿಯವನಿಗೆ ತೂಕಕ್ಕೆ ಹಾಕಿದ್ರೆ ಎರಡು ಲೋಟ ಚಹಾ. ಪೆಟ್ಟಿಗೆ ಸೇರಿಸಿ ಕೊಟ್ರೆ ಮೂರು."

ಅಣ್ಣನ ಮುಖ ಅರಳಿತು. "ಛೆ ಛೆ, ಅಪ್ಪ ನಿನಗೆ ಅಂತ ಬಿಟ್ಟು ಹೋದದ್ದು ಕಣೇ. ಅದಕ್ಕೆ ನಾನು ಕೈ ಹಾಕಿದರೆ ಹುಳ ಬಿದ್ದು ಸಾಯ್ತೀನಿ," ಎಂದು, ಪೆಟ್ಟಿಗೆಯೂ ಅದರಲ್ಲಿರುವುದೆಲ್ಲವೂ ತಂಗಿಯದು, ತನಗೆ ಯಾವ ಹಕ್ಕೂ ಇಲ್ಲ ಎಂದು ಕಾಗದದ ಮೇಲೆ ಬರೆದು ಸಹಿ ಜಡಿದ. ಸಾಕ್ಷಿಗೆ ಯಜಮಾನನ ಸಹಿಯನ್ನೂ ಹಾಕಿಸಿದ. ಔದಾರ್ಯ ಅಭ್ಯಾಸವಿಲ್ಲದ ಮುಖ, ಪಾಪ, ನಗುವಾಗ ಎಲ್ಲೋ ಸೆಳೆದುಕೊಂಡಂತೆ ಕಾಣುತ್ತಿತ್ತು.

ತಂಗಿ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದಳು. ಅಪ್ಪನ ದುಂಡನೆಯ ಅಕ್ಷರದ ಒಂದು ನೋಟುಬುಕ್ಕು ಬಂತು. ಒಂದೊಂದು ನಾಣ್ಯವನ್ನೂ ಹಳೆಯ ಬಸ್ ಟಿಕೆಟ್ಟಿನಲ್ಲಿ ಸುತ್ತಿ ನಂಬರು ಹಾಕಿದ್ದ. ಪುಸ್ತಕದಲ್ಲೂ ಅದೇ ನಂಬರುಗಳು.

"ಪಟ್ಟಿಯ ಕೂಲಿ ಆಗಲೇ ಇಸ್ಕೊಂಡಿದ್ದೀನಿ. ಓದಮ್ಮ, ಅದೊಂದನ್ನ ಮುಗಿಸಿಬಿಡೋಣ," ಎಂದ ಯಜಮಾನ.

ಅವಳು ಮೆಲ್ಲಗೆ ಓದಿದಳು. "'ಒಂದು. ದನದ ಡಾಕ್ಟರು. ತವರದ್ದು. ಕೊಡುವಾಗ ಆಕಾಶ ನೋಡುತ್ತಿದ್ದರು. ನಾಲ್ಕು. ಗಣಿತದ ಮೇಷ್ಟ್ರು. ಕೊಟ್ಟದ್ದು ಖೋಟಾ, ಚಿಲ್ಲರೆ ಮಾತ್ರ ಎರಡು ಸಲ ಎಣಿಸಿಕೊಂಡರು.'"

ಆಗ ಅರ್ಥವಾಯಿತು. ಬಸ್ಸಿನ ನೂಕುನುಗ್ಗಲಲ್ಲಿ ಜನ ಅಪ್ಪನ ಕೈಗೆ ತುರುಕಿ ಪಾರಾಗಿದ್ದ ನಾಣ್ಯಗಳಿವು. ಡಿಪೋದವರು ಬೇಡವೆಂದು ವಾಪಸು ಎಸೆದದ್ದನ್ನೆಲ್ಲ ಅವನು ಕೊಟ್ಟವರ ಸಮೇತ ಜೋಪಾನ ಮಾಡಿದ್ದ.

"'ಒಂಬತ್ತು. ನಮ್ಮ ಬೀಗಿತ್ತಿ. ಕೋಟಿನ ಗುಂಡಿ. ಸಂಬಂಧ ಕೆಡಬಾರದೆಂದು ಟಿಕೆಟ್ ಹರಿದು ಕೊಟ್ಟೆ.'"

ಅಡುಗೆಮನೆಯಲ್ಲಿ ಅತ್ತಿಗೆಯ ಕೈಯಿಂದ ಪಾತ್ರೆಯೊಂದು ಬಿತ್ತು. ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. "ಊರಿನ ಬಂಡವಾಳವೆಲ್ಲ ಇಲ್ಲೇ ಇದೆಯಲ್ಲಪ್ಪ! ಓದು, ಓದು!"

"'ನಲವತ್ತೆರಡು. ಎರಕ ಹೊಯ್ಯುವುದನ್ನು ಕಲಿಯುತ್ತಿರುವ ಹುಡುಗ. ಹಳೇ ಕಾಲದ ರಾಜನ ತಲೆ. ಎಡಗಿವಿ ಮೂಡಿಲ್ಲ. ನಾಣ್ಯದ ಬಿಸಿ ಇನ್ನೂ ಆರಿರಲಿಲ್ಲ. ನಲವತ್ತಮೂರು. ಅದೇ ಹುಡುಗ, ಅದೇ ರಾಜ.'"

ಯಜಮಾನನ ನಗು ಅರ್ಧಕ್ಕೇ ನಿಂತಿತು. "ಸಾಕು ಬಿಡಮ್ಮ. ಸತ್ತವರ ಪುಸ್ತಕ ಯಾಕೆ ಕೆದಕೋದು?"

ಅವಳಿಗೆ ಶುರು ಮಾಡಿದ್ದನ್ನು ನಡುವೆ ಬಿಟ್ಟು ಗೊತ್ತಿಲ್ಲ. "'ಐವತ್ತಮೂರು. ಹನ್ನೆರಡನೆಯ ಸಲ. ಕಿವಿ ಇನ್ನೂ ಬಂದಿಲ್ಲ. ಹುಡುಗ ಈಗ ಪೇಟೆಬೀದಿಯಲ್ಲಿ ನಾಣ್ಯದಂಗಡಿ ಇಟ್ಟಿದ್ದಾನಂತೆ. ಏಳಿಗೆಯಾಗಲಿ.'"

"ಹುಡುಗುಬುದ್ಧಿ," ಎಂದು ಯಜಮಾನ ಹಣೆ ಒರೆಸಿಕೊಂಡ. "ಯಾವ ಕಾಲದ್ದೋ ಏನೋ."

ಅವಳು ಹೊಲಿದ ಬಟ್ಟೆ ತಲುಪಿಸಲು ವಾರಕ್ಕೆರಡು ಸಲ ಆ ಅಂಗಡಿಯ ಮುಂದೆಯೇ ಹೋಗುತ್ತಿದ್ದಳು. ಗಾಜಿನ ಮುಂದೆ ನಿಂತರೆ, ಮುಖ ನೋಡಿಕೊಳ್ಳುತ್ತಿದ್ದಾಳೆ ಎಂದು ಜನ ನಗುತ್ತಿದ್ದರು. ಈಗಲೂ ಅವಳು ತಲೆ ಎತ್ತಲಿಲ್ಲ. "ನಿಮ್ಮಂಗಡಿ ಗಾಜಿನೊಳಗೆ ಒಬ್ಬ ರಾಜ ಇದ್ದಾನಲ್ಲ, 'ನಾನೂರು ವರ್ಷ ಹಳೆಯದು' ಅಂತ ಚೀಟಿ ಅಂಟಿಸಿಕೊಂಡು. ಅವನಿಗೂ ಎಡಗಿವಿ ಇಲ್ಲ."

ಯಜಮಾನ ಭೂತಗನ್ನಡಿಯನ್ನು ಅಂಗಿಯ ಅಂಚಿಗೆ ಒರೆಸಿ ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ. "ಇನ್ನೊಂದು ಸಲ ನೋಡಿದರೆ... ಈ ಹನ್ನೆರಡು ಇವೆಯಲ್ಲ, ಇವು ಬಹಳ ಅಪರೂಪದ್ದು. ನಾನೇ ತಗೋತೀನಿ. ಎಷ್ಟು ಕೊಡಲಿ, ನೀನೇ ಹೇಳಮ್ಮ."

ಅಣ್ಣ ಕುರ್ಚಿಯಿಂದ ಚಂಗನೆ ಎದ್ದ. "ಹಾಗಾದ್ರೆ ಅದರಲ್ಲಿ ಅರ್ಧ..."

"ಸಾಕ್ಷಿ ಹಾಕಿದವನು ಇಲ್ಲೇ ಕೂತಿದ್ದೀನಿ. ಸುಮ್ಮನೆ ಕೂತ್ಕೋಪ್ಪ!" ಎಂದು ಯಜಮಾನ ಗದರಿದ.

"ದುಡ್ಡು ಬೇಡ," ಎಂದಳು ತಂಗಿ. "ಅಂಗಡಿ ಪಕ್ಕದ ನಿಮ್ಮ ಕೋಣೆ ಬಾಗಿಲು ಹಾಕಿ ವರ್ಷವಾಯ್ತು. ಅದು ಬಾಡಿಗೆಗೆ ಬೇಕು."

"ಅಷ್ಟೇನಾ? ನಾಳೆಯೇ ಬೀಗದ ಕೈ ಇಸ್ಕೋ. ಮುಂಗಡವೂ ಬೇಡ. ಬಾಡಿಗೆ ಮಾತ್ರ ತಿಂಗಳು ತಿಂಗಳು..."

"ಕೊಡ್ತೀನಿ. ತಿಂಗಳಿಗೊಬ್ಬ ರಾಜ."

ಯಜಮಾನ ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಹನ್ನೆರಡೂ ತಲೆಗಳನ್ನು ನೋಡಿದ. ಬೆವರಿನಲ್ಲೂ ವ್ಯಾಪಾರಿ ವ್ಯಾಪಾರಿಯೇ. "ಅದು ಒಂದು ವರ್ಷಕ್ಕಾಯ್ತು. ಆಮೇಲೆ?"

"ಆಮೇಲೆ ನೀವೇ ಹೊಯ್ದು ಕೊಡಿ," ಎಂದು ಅವಳು ಪುಸ್ತಕವನ್ನು ಸೆರಗಿನಡಿ ಸೇರಿಸಿದಳು.