ಸಾಯಲು ಬಾರದ ನಾವಿಕ

ಮೊನ್ನೆ ಅಪ್ಪನ ಕೊನೆಯ ಸ್ನಾನಕ್ಕೆ ನೀರು ಕಾಯಿಸಲು ಒಲೆಗೆ ತೆಂಗಿನ ಸಿಪ್ಪೆ ಹಾಕಿದಾಗ, ಆ ಹೊಗೆ ಕುಣಿಗಲ್ ಕೆರೆಯ ಒಂದು ಮಧ್ಯಾಹ್ನವನ್ನು ತಂದು ನಿಲ್ಲಿಸಿತು.

ಯಾರೋ ನೌಕಾಯುದ್ಧದ ಸಿನಿಮಾ ತೆಗೆಯುತ್ತಿದ್ದರು. ನಮ್ಮ ಕೆರೆಯೇ ಸಮುದ್ರ, ಪ್ಲೈವುಡ್ಡಿನದು ಹಡಗು, ಸುಡುವ ಸಿಪ್ಪೆಯದೇ ಫಿರಂಗಿಯ ಹೊಗೆ. ಅಪ್ಪನಿಗೆ ಸತ್ತ ನಾವಿಕನ ಪಾತ್ರ. ಬಿಳಿ ಸಮವಸ್ತ್ರ ತೊಟ್ಟು ದಡದ ಕೆಸರಿನಲ್ಲಿ ಕಣ್ಣು ಮುಚ್ಚಿ ಮಲಗಿರಬೇಕು, ಅಷ್ಟೇ. ತೆರೆಯ ಮೇಲೆ ಒಮ್ಮೆಯಾದರೂ ಕಾಣಬೇಕೆಂಬ ಆಸೆಯಿಂದ ಕೊತ್ತಗೆರೆಯಿಂದ ಸೈಕಲ್ಲಿನಲ್ಲಿ ನನ್ನನ್ನೂ ಕೂರಿಸಿಕೊಂಡು ಬಂದಿದ್ದ.

ಕ್ಯಾಮೆರಾ ಓಡಿದಾಗಲೆಲ್ಲ ಅಪ್ಪ ತಲೆ ಎತ್ತುತ್ತಿದ್ದ. ನಾಲ್ಕನೇ ಸಲಕ್ಕೆ ಡೈರೆಕ್ಟರ್ ಟೋಪಿಯನ್ನು ನೆಲಕ್ಕೆ ಬಡಿದರು. "ಹೆಣ ಯಾಕ್ರೀ ಪದೇ ಪದೇ ಎದ್ದು ನೋಡುತ್ತೆ?"

"ತಿಥಿ ವಡೆ ಬೆಂದ್ವಾ ಅಂತ ನೋಡ್ತಾವ್ನೆ ಬುಡಿ ಸಾ!" ಎಂದು ಜನರ ನಡುವಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಬಿಸಿಲು, ಹಸಿವು, ನಾಚಿಕೆಗಳಿಂದ ರೋಸಿಹೋಗಿದ್ದ ನಾನು ನೀರಿಗೆ ಕಲ್ಲೆಸೆಯುತ್ತ, "ಸುಮ್ನೆ ಸಾಯಪ್ಪಾ!" ಎಂದು ಕಿರುಚಿದೆ.

ಡೈರೆಕ್ಟರ್ ಬೇರೊಬ್ಬನನ್ನು ಕರೆದು ಮಲಗಿಸಿದರು. ಅಪ್ಪ ಕೆಸರು ಸುರಿಸುತ್ತ ಎದ್ದು ಬಂದು, ನನ್ನ ತೋಳು ಹಿಡಿದು ದಡದ ಮೇಲಕ್ಕೆಳೆದ.

"ನೀರಿನ್ ಅಂಚಿಗೇ ಬಂದ್ ನಿಂತಿದೀಯಲ್ಲೇ ಮಗ. ನಾನ್ ಹೆಂಗ್ ಸಾಯ್ಲಿ?"